ಸುದ್ದಿ ಹಾದುಹೋದ ಘಟ್ಟ

ಆಸ್ಟ್ರೇಲಿಯಾದ ದಕ್ಷಿಣ ಕರಾವಳಿಯಲ್ಲಿ ಯೂಕ್ಲಾ ಎಂಬಲ್ಲಿ 1877ರಲ್ಲಿ ತೆರೆದ ಒಂದು ತಂತಿ ಕಚೇರಿಯ ಅವಶೇಷವಿದೆ. ಸುತ್ತ ದೊಡ್ಡ ಊರಿಲ್ಲ, ನೀರಿಗೂ ಬರ. ಆ ಕಾಲಕ್ಕೆ ಬೇರೆ ಬೇರೆ ವಸಾಹತುಗಳಾಗಿದ್ದ ದಕ್ಷಿಣ ಆಸ್ಟ್ರೇಲಿಯಾ ಮತ್ತು ಪಶ್ಚಿಮ ಆಸ್ಟ್ರೇಲಿಯಾಗಳ ತಂತಿಗಳು ಅಲ್ಲಿ ಸಂಧಿಸುತ್ತಿದ್ದವು. ಎರಡೂ ಕಡೆಯವರು ಬಳಸುತ್ತಿದ್ದ ಮೋರ್ಸ್ ಸಂಕೇತ ಒಂದೇ ಆಗಿರಲಿಲ್ಲ. ಹೀಗಾಗಿ ಒಬ್ಬ ನೌಕರ ಕೇಳಿ ಬರೆದುಕೊಂಡ ಸುದ್ದಿಯನ್ನು ಪಕ್ಕದವನಿಗೆ ಚೀಟಿಯಲ್ಲಿ ದಾಟಿಸಬೇಕು, ಅವನು ಅದನ್ನು ಮತ್ತೆ ತನ್ನ ಕಡೆಯ ತಂತಿಗೆ ಬಡಿಯಬೇಕು. 1927ರಲ್ಲಿ ತಂತಿ ಒಳನಾಡಿನ ರೈಲುದಾರಿಯ ಪಕ್ಕಕ್ಕೆ ಸರಿಯಿತು, ಕಚೇರಿ ಬಾಗಿಲು ಹಾಕಿತು. ಇವತ್ತು ಅಲ್ಲಿ ಮರಳಿನ ದಿಬ್ಬದ ನಡುವೆ ಮೊಂಡುಗೋಡೆಗಳಷ್ಟೇ ನಿಂತಿವೆ. ಮರಳು ಆ ಕಟ್ಟಡವನ್ನು ನುಂಗಿತು ಎಂದು ಪ್ರವಾಸಿಗಳಿಗೆ ಹೇಳುವುದು ವಾಡಿಕೆ. ಆದರೆ ಮರಳು ಬಂದದ್ದು ಸತ್ತ ಮನೆಗೆ. ದಾರಿ ಬದಲಾದಾಗಲೇ ಅದರ ಆಯುಸ್ಸು ತೀರಿತ್ತು. ಸಕಲೇಶಪುರ, ಆಲೂರಿನ ಬೆಟ್ಟಗಳಲ್ಲಿ ಉಳಿದಿರುವ ಹಳೆಯ ಕಟ್ಟಡಗಳನ್ನು ನೋಡುವಾಗ ಈ ಮಾತನ್ನು ಮರೆಯುತ್ತೇವೆ. ಇಲ್ಲಿ ನನ್ನ ವಾದ ಇಷ್ಟು: ಮಂಜರಾಬಾದಿನ ಈ ಘಟ್ಟದಲ್ಲಿ ಸುದ್ದಿಗಾಗಿ, ಸಾಗಣೆಗಾಗಿ ಕಟ್ಟಿದ ನೆಲೆಗಳೆಲ್ಲ ಬೇರೆಲ್ಲೋ ಇರುವ ಎರಡು ತುದಿಗಳ ಅಗತ್ಯಕ್ಕೆ ಕಟ್ಟಿದವು. ಅವುಗಳನ್ನು ಒಂಟಿ ಸ್ಮಾರಕಗಳೆಂದು ನೋಡಿದರೆ ಅರ್ಥವಾಗುವುದಿಲ್ಲ, ದಾರಿಯ ಭಾಗವೆಂದು ನೋಡಿದರೆ ಮಾತ್ರ ಆಗುತ್ತದೆ.

ದಾರಿಯ ತುದಿಗಳು ಯಾವುವು ಎಂಬುದರಲ್ಲಿ ಗುಟ್ಟೇನಿಲ್ಲ. ಮೇಲೆ ಶ್ರೀರಂಗಪಟ್ಟಣ, ಮೈಸೂರು, ಬೆಂಗಳೂರು, ಕೆಳಗೆ ಮಂಗಳೂರು. ನಡುವೆ ಹೇಮಾವತಿಯ ದಡದ ಸಕಲೇಶಪುರ, ಅದರಾಚೆ ದೋಣಿಗಲ್, ಅಲ್ಲಿಂದ ಮುಂದೆ ನೆಲ ಕುಸಿದಂತೆ ಇಳಿಯುವ ಶಿರಾಡಿ, ದಕ್ಷಿಣಕ್ಕೆ ಬಿಸಿಲೆ. ಹಿಂದೆ ಇದು ಐಗೂರಿನ ಪಾಳೆಯಗಾರರ ಬಲಂ ನಾಡು. ಆಲೂರಿನ ಕಡೆಯದು ಬಯಲಿಗೂ ಮಲೆಗೂ ನಡುವಿನ ತಗ್ಗು ದಿಣ್ಣೆಗಳ ಅರೆಮಲೆನಾಡು, ಸಾಗುವವನಿಗೆ ಅಷ್ಟಾಗಿ ಕಷ್ಟ ಕೊಡದು. ಕಷ್ಟವೆಲ್ಲ ದೋಣಿಗಲ್ಲಿನಿಂದ ಕೆಳಕ್ಕೆ. ಅದಕ್ಕೇ ಕಾವಲು, ಕೋಟೆ, ನಿಲ್ದಾಣ ಎಲ್ಲವೂ ಆ ಅಂಚಿಗೆ ಬಂದು ಕೂತಿವೆ. ಭೂಗೋಳದ ಈ ಅಂಚು 1799ರಲ್ಲಿ ರಾಜಕೀಯದ ಅಂಚೂ ಆಯಿತು. ಟಿಪ್ಪು ಮಡಿದ ಮೇಲೆ ಕೆನರಾ ಕಂಪನಿಯ ಪಾಲಾಯಿತು, ಘಟ್ಟದ ಮೇಲಿನ ಸೀಮೆ ಒಡೆಯರ ಮೈಸೂರಿಗೆ ಬಂತು. ಅಲ್ಲಿಂದ 1956ರವರೆಗೆ, ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ, ಈ ಇಳಿಜಾರು ಎರಡು ಆಡಳಿತಗಳ ಗಡಿ. ಯೂಕ್ಲಾದ ಮೇಜಿನ ಮೇಲಿದ್ದ ಗಡಿ ಇಲ್ಲಿ ಕಾಡಿನೊಳಗಿತ್ತು.

ಮೇಲುನಾಡಿನ ಸುದ್ದಿವ್ಯವಸ್ಥೆಯ ಹೆಸರು ಅಂಚೆ. ಚಿಕ್ಕದೇವರಾಜ ಒಡೆಯರು 1672ರಲ್ಲಿ ಅದನ್ನು ನೆಲೆಗೊಳಿಸಿದರೆಂದು ಮೈಸೂರಿನ ಇತಿಹಾಸಗಳು ಹೇಳುತ್ತವೆ. ಅದರ ಬಗ್ಗೆ ಬರೆದ ಇತಿಹಾಸಕಾರ ವಿಲ್ಕ್ಸ್ ಒಂದು ಸಂಗತಿಯನ್ನು ಒತ್ತಿ ಹೇಳುತ್ತಾನೆ: ಅಂಚೆಯವರ ಕೆಲಸ ಕಾಗದ ಸಾಗಿಸುವುದಷ್ಟೇ ಅಲ್ಲ, ತಮ್ಮ ತಮ್ಮ ಕಡೆ ಗುಟ್ಟಾಗಿ ಏನೇನು ನಡೆಯುತ್ತಿದೆ ಎಂಬುದನ್ನು ಅರಮನೆಗೆ ತಿಳಿಸುವುದೂ ಆಗಿತ್ತು. ಅಂದರೆ ಹುಟ್ಟಿನಿಂದಲೇ ಅದು ಬಾಯಿಗಿಂತ ಹೆಚ್ಚಾಗಿ ಕಿವಿ. ಹೈದರ್ ಮತ್ತು ಟಿಪ್ಪು ಆ ಕಿವಿಯನ್ನು ಇನ್ನಷ್ಟು ಚುರುಕುಗೊಳಿಸಿದರು, ದಿವಾನ್ ಪೂರ್ಣಯ್ಯ ಅದೇ ಏರ್ಪಾಡನ್ನು ಮುಂದುವರಿಸಿದರು. ಒಬ್ಬ ಹರಿಕಾರ ತನ್ನ ಪಾಲಿನ ದೂರ ಓಡಿ ಚೀಲವನ್ನು ಮುಂದಿನವನ ಕೈಗೆ ಕೊಡುತ್ತಾನೆ, ಅವನು ಅಲ್ಲಿಂದ ಮುಂದಕ್ಕೆ. ಇಂಥ ಏರ್ಪಾಡಿಗೆ ಬೇಕಾದದ್ದು ಗೊತ್ತಾದ ಅಂತರದಲ್ಲಿ ಗೊತ್ತಾದ ಹೊತ್ತಿಗೆ ಕಾದಿರುವ ಮನುಷ್ಯ, ಅವನ ತಲೆಗೊಂದು ಹುಲ್ಲಿನ ಮಾಡು. ಮಲೆನಾಡಿನ ಮಳೆಯಲ್ಲಿ ಹುಲ್ಲಿನ ಮಾಡು ಎಷ್ಟು ವರ್ಷ ನಿಂತೀತು? ಎರಡು ಶತಮಾನಕ್ಕೂ ಹೆಚ್ಚು ಕಾಲ ದುಡಿದ ವ್ಯವಸ್ಥೆಯೊಂದರ ಗುರುತಾಗಿ ಒಂದು ಗೋಡೆಯೂ ಇಲ್ಲಿ ಕಣ್ಣಿಗೆ ಬೀಳದಿದ್ದರೆ ಅದು ಆ ವ್ಯವಸ್ಥೆಯ ದೌರ್ಬಲ್ಯವೇನಲ್ಲ. ಪರಂಪರೆ ಎಂದರೆ ಕಲ್ಲುಗೋಡೆ ಎಂದುಕೊಂಡವರಿಗೆ ಮಾತ್ರ ಅದು ಕೊರತೆ.

ಕಲ್ಲುಗೋಡೆ ಬೇಕೆನ್ನುವವರಿಗೆ ಮಂಜರಾಬಾದ್ ಕೋಟೆಯಿದೆ. ಸಕಲೇಶಪುರದಿಂದ ಐದಾರು ಕಿಲೋಮೀಟರ್ ದೂರದಲ್ಲಿ, ಹೆದ್ದಾರಿಯ ಪಕ್ಕದ ಗುಡ್ಡದ ಮೇಲೆ, ಸಮುದ್ರಮಟ್ಟದಿಂದ 988 ಮೀಟರ್ ಎತ್ತರದಲ್ಲಿ, ಎಂಟು ಮೂಲೆಯ ನಕ್ಷತ್ರದಂತೆ ಅದನ್ನು ಟಿಪ್ಪು ಕಟ್ಟಿಸಿದ. ಕೆಲಸ ಮುಗಿದದ್ದು 1792ರಲ್ಲಿ. ನಕ್ಷೆ ಫ್ರೆಂಚ್ ಇಂಜಿನಿಯರ್ ವೊಬಾನನ ಪದ್ಧತಿಯದು. ನಡುವೆ ಶಿಲುಬೆಯಾಕಾರದ ಮೆಟ್ಟಿಲುಕೊಳ, ಪಕ್ಕದಲ್ಲಿ ಮದ್ದು ಇಡಲು ನೆಲಮಾಳಿಗೆಗಳು. ಡ್ರೋನ್ ಬಂದ ಮೇಲೆ ಈ ನಕ್ಷತ್ರದ ಚಿತ್ರ ಎಲ್ಲರ ಮೊಬೈಲಿಗೂ ಬಂದಿದೆ. ಕಟ್ಟಿಸಿದವನೂ ಹಾಗೆ ಮೇಲಿನಿಂದ ಅದನ್ನು ನೋಡಿರಲಾರ. ಸೈನಿಕ ಕಟ್ಟಡವನ್ನು ಸುದ್ದಿಯ ಇತಿಹಾಸಕ್ಕೆ ಎಳೆದು ತರುವುದು ಸರಿಯೇ ಎಂದು ಯಾರಾದರೂ ಕೇಳಬಹುದು. ಕೋಟೆಯಿಂದ ಕೋಟೆಗೆ ಬಾವುಟ ಬೀಸಿ ಸಂಕೇತ ಕಳಿಸುತ್ತಿದ್ದರು ಎಂಬಂಥ ಕಥೆ ಕಟ್ಟುವುದಾದರೆ ಆಕ್ಷೇಪ ನ್ಯಾಯವೇ. ಶಾಪ್ ಸಹೋದರರ ಕೈಮರದ ತಂತಿರಹಿತ ಸಂಕೇತಮಾಲೆ ಪ್ಯಾರಿಸ್ಸಿನಿಂದ ಲೀಲ್‌ವರೆಗೆ ಕೆಲಸ ಶುರುಮಾಡಿದ್ದು 1794ರಲ್ಲಿ. ಫ್ರೆಂಚರ ಕೋಟೆವಿದ್ಯೆ ದೋಣಿಗಲ್ಲಿಗೆ ತಲುಪಿದಾಗ ಅವರ ಸುದ್ದಿವಿದ್ಯೆ ಇನ್ನೂ ಅವರದೇ ನೆಲದಲ್ಲಿ ಬಳಕೆಗೆ ಬಂದಿರಲಿಲ್ಲ. ಆದರೆ ಕೋಟೆಯ ಜಾಗವನ್ನು ಗಮನಿಸಿ. ಊರನ್ನಾಗಲಿ ಅರಮನೆಯನ್ನಾಗಲಿ ಖಜಾನೆಯನ್ನಾಗಲಿ ಅದು ಕಾಯುತ್ತಿಲ್ಲ. ಕೆಳಗೆ ಘಟ್ಟದ ದಾರಿ, ದಕ್ಷಿಣಕ್ಕೆ ಕೊಡಗಿನ ಸೀಮೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಕೊಡಗು ಟಿಪ್ಪುವಿನ ಕೈತಪ್ಪಿತು, ಮಲಬಾರ್ ಹೋಯಿತು. ಕಡಲಿನತ್ತ ಅವನಿಗೆ ಉಳಿದ ಮುಖ್ಯ ಬಾಗಿಲು ಮಂಗಳೂರು. ಆ ಬಾಗಿಲಿಗೆ ಹೋಗುವ ದಾರಿಯನ್ನು ನೋಡುತ್ತಿರುವುದೇ ಈ ಕೋಟೆಯ ಕೆಲಸ. ಆಕಾಶ ತಿಳಿಯಾಗಿದ್ದರೆ ಅರಬ್ಬೀ ಸಮುದ್ರ ಕಾಣುತ್ತದೆ ಎನ್ನುವ ಪ್ರತೀತಿಯೂ ಆ ಕೆಲಸಕ್ಕೆ ಹೊಂದುವಂಥದ್ದೇ. ಮಳೆಗಾಲದಲ್ಲಿ ಮಾತ್ರ ಕಾವಲುಗಾರನಿಗೆ ಕಂಡದ್ದು ಮಂಜೇ ಇರಬೇಕು.

ದಾರಿಯ ಬೆಲೆ ಎಷ್ಟೆಂಬುದು ಅದನ್ನು ಕಡಿದಾಗ ತಿಳಿಯುತ್ತದೆ. ಟಿಪ್ಪುವಿನ ನಂತರದ ಗೊಂದಲದಲ್ಲಿ ಬಲಂನ ವೆಂಕಟಾದ್ರಿ ನಾಯಕ ತಲೆಯೆತ್ತಿದಾಗ ಕಂಪನಿಯನ್ನು ಕಾಡಿದ್ದು ಅವನ ಸೈನ್ಯದ ಗಾತ್ರವಲ್ಲ, ಮೈಸೂರಿಗೂ ಕರಾವಳಿಗೂ ನಡುವಿನ ಘಟ್ಟಗಳ ಮೇಲೆ ಅವನಿಗಿದ್ದ ಹಿಡಿತ. 1800ರಲ್ಲಿ ಕಂಪನಿಯ ದಂಡು ಅವನ ಅರಕೆರೆ ಕೋಟೆಯ ಮೇಲೆ ಬಿತ್ತು, ಮೊದಲ ಸಲ ಪೆಟ್ಟು ತಿಂದು ಹಿಂದೆ ಸರಿಯಿತು. 1802ರ ಜನವರಿಯಲ್ಲಿ ಆರ್ಥರ್ ವೆಲ್ಲೆಸ್ಲಿಯೇ ಬಂದು ಆ ಕಾಡುಕೋಟೆಯನ್ನು ಹಿಡಿದ. ಫೆಬ್ರವರಿಯಲ್ಲಿ ನಾಯಕನನ್ನು ಗಲ್ಲಿಗೇರಿಸಿದರು. ಗಮನಿಸಬೇಕಾದದ್ದು ಅದರ ಮುಂದಿನ ಭಾಗ. ವೆಲ್ಲೆಸ್ಲಿ ಹಳ್ಳಿಗಳ ಆಯುಧ ಕಸಿದುಕೊಂಡ, ಬೇಲಿ ಕಾವಲು ಕೀಳಿಸಿದ, ಕಾಡು ಕಡಿಸಿ ದಾರಿ ಮಾಡಿಸಿದ. ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಲಿದ್ದ ಮನುಷ್ಯ ಈ ಮೂಲೆಯಲ್ಲಿ ತೊಡಗಿದ್ದು ರಸ್ತೆ ಕೆಲಸದಲ್ಲಿ! 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಆ ಕೆಲಸವನ್ನು ರಾಜ್ಯದುದ್ದಕ್ಕೂ ಹಬ್ಬಿಸಿದ. ಅವನ ಕಾಲದಲ್ಲಿ ಹಾಕಿದ ರಸ್ತೆ ಸುಮಾರು 1,600 ಮೈಲಿ. ಘಟ್ಟದ ರಸ್ತೆಗಳು ಅದರಲ್ಲಿ ಚಿಕ್ಕ ಭಾಗವಾದರೂ ಬಂದರನ್ನು ಮುಟ್ಟಿಸುವುದು ಅವೇ.

ಹಾಗಾದರೆ ತಂತಿ? ಕಲ್ಕತ್ತೆಯಲ್ಲಿ ವೈದ್ಯನೂ ರಸಾಯನ ಪ್ರಾಧ್ಯಾಪಕನೂ ಆಗಿದ್ದ ಓಷಾನೆಸಿ 1850–51ರಲ್ಲಿ ಡೈಮಂಡ್ ಹಾರ್ಬರ್‌ವರೆಗೆ ಮೊದಲ ಮಾರ್ಗ ಎಳೆದ. 1855ರ ಫೆಬ್ರವರಿಗೆ ಕಲ್ಕತ್ತ, ಆಗ್ರಾ, ಬೊಂಬಾಯಿ, ಮದ್ರಾಸುಗಳು ಜೋಡಿಯಾಗಿ ತಂತಿ ಸಾರ್ವಜನಿಕರಿಗೆ ತೆರೆಯಿತು. ಯೂರೋಪಿನ ಸಪೂರ ತಂತಿ ಇಲ್ಲಿ ಬಾಳದು, ಹದ್ದು ಕೂರುತ್ತದೆ, ಕೋತಿ ಜೋತಾಡುತ್ತದೆ ಎಂದು ಓಷಾನೆಸಿ ಮೊದಮೊದಲು ದಪ್ಪ ಕಬ್ಬಿಣದ ಸರಳನ್ನೇ ಎಳೆಸಿದ್ದ. ಮಲೆಯ ಕಾಡಿಗೆ ಈ ಎಚ್ಚರಿಕೆಯೂ ಸಾಲದು. ಇಲ್ಲಿ ಮರ ಉರುಳುತ್ತದೆ, ಆನೆ ಕಂಬಕ್ಕೆ ಮೈ ಉಜ್ಜುತ್ತದೆ, ತಿಂಗಳುಗಟ್ಟಲೆ ಹನಿಯುವ ಮಳೆಗೆ ಪಿಂಗಾಣಿ ಬಟ್ಟಲುಗಳ ಮೇಲೆ ನೀರು ಹರಿದು ವಿದ್ಯುತ್ತು ನೆಲಕ್ಕಿಳಿಯುತ್ತದೆ. ಆದರೂ ಯೂಕ್ಲಾದಂಥ ಒಂಟಿ ತಂತಿಮನೆ ಈ ಬೆಟ್ಟಗಳ ಗುರುತಾಗಲಿಲ್ಲ. ಅದಕ್ಕೆ ಕಾರಣ ಮಳೆಯಲ್ಲ, ಆಡಳಿತದ ಲೆಕ್ಕಾಚಾರ. 1880ರ ದಶಕದಿಂದ ಸರ್ಕಾರ ಸಣ್ಣ ಊರುಗಳಲ್ಲಿ ಅಂಚೆಗೂ ತಂತಿಗೂ ಒಂದೇ ಕಚೇರಿ ಎಂಬ ನೀತಿಗೆ ಬಂತು. ಕಾಗದಕ್ಕೆ ಮುದ್ರೆ ಒತ್ತುವ ಪೋಸ್ಟ್ ಮಾಸ್ಟರೇ ಕಟ್ಟುಕಡ ಎಂದು ತಂತಿಯನ್ನೂ ಬಡಿಯುತ್ತಾನೆ. 1889ರಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಮೈಸೂರಿನ ಅಂಚೆಯೂ ಭಾರತ ಸರ್ಕಾರದ ಅಂಚೆಯಲ್ಲಿ ಲೀನವಾಯಿತು. ಘಟ್ಟದ ಮೇಲಿನದೂ ಕೆಳಗಿನದೂ ಒಂದೇ ಇಲಾಖೆಯಾಗಿ, ಎರಡು ವ್ಯವಸ್ಥೆಗಳು ಕೈಬದಲಿಸಿಕೊಳ್ಳುವ ಜಾಗದ ಅಗತ್ಯವೇ ಹೋಯಿತು. ಗಡಿಯಲ್ಲಿ ಕೈಬದಲು ಬೇಕಿದ್ದಾಗ ತಂತಿ ಇನ್ನೂ ಎಳೆಯದು; ತಂತಿ ಊರೂರಿಗೆ ಬಲಿತಾಗ ಕೈಬದಲು ಬೇಡವಾಗಿತ್ತು. ಯೂಕ್ಲಾದಲ್ಲಿ ಎರಡೂ ಒಂದೇ ಕಾಲಕ್ಕೆ ಕೂಡಿದವು, ಅದಕ್ಕೇ ಅಲ್ಲಿ ಗೋಡೆ ಉಳಿದಿದೆ.

ಈ ವಾದಕ್ಕೆ ಬಲವಾದ ಆಕ್ಷೇಪ ಕಾಫಿಯ ಕಡೆಯಿಂದ ಬರುತ್ತದೆ. 1843ರಲ್ಲಿ ಗ್ರೀನ್ ಎಂಬಾತ ದಕ್ಷಿಣ ಮಂಜರಾಬಾದಿನಲ್ಲಿ ತೋಟ ತೆರೆದ. 1850ರ ದಶಕದಲ್ಲಿ ಬಂದ ರಾಬರ್ಟ್ ಎಲಿಯಟ್ ಇಲ್ಲಿ ನೆಲೆನಿಂತು 1871ರಲ್ಲೂ 1894ರಲ್ಲೂ ಪ್ಲಾಂಟರ್ ಬದುಕಿನ ಬಗ್ಗೆ ಪುಸ್ತಕ ಬರೆದ. ತೋಟದ ಬೀಜ ಗಾಡಿಗಳಲ್ಲಿ ಘಟ್ಟವಿಳಿದು ಮಂಗಳೂರಿನ ಕ್ಯೂರಿಂಗ್ ವರ್ಕ್ಸ್ ಸೇರುತ್ತಿತ್ತು, ಅಲ್ಲಿಂದ ಹಡಗು ಹತ್ತುತ್ತಿತ್ತು. ದಕ್ಷಿಣ ಕನ್ನಡದಿಂದ ಆಳುಗಳು ಮೇಸ್ತ್ರಿಯ ಹಿಂದೆ ಘಟ್ಟ ಹತ್ತಿ ಬರುತ್ತಿದ್ದರು. ಲಂಡನ್ನಿನ ದರ, ಹಡಗಿನ ದಿನ, ಮೇಸ್ತ್ರಿಗೆ ಕೊಟ್ಟ ಮುಂಗಡ, ಇವೆಲ್ಲ ಸುದ್ದಿಯ ಮೇಲೆ ನಿಂತ ವ್ಯವಹಾರಗಳೇ. ಅಂದಮೇಲೆ ಸುದ್ದಿ ಇಲ್ಲಿ ಹಾದುಹೋಯಿತಷ್ಟೇ ಎನ್ನುವುದು ಹೇಗೆ, ಇಲ್ಲಿ ಇಳಿದೂ ಇತ್ತಲ್ಲ? ಇಳಿದಿತ್ತು, ನಿಜ. ತೋಟದ ಟಪಾಲು ಆಳು ಚೀಲ ಹೊತ್ತು ಪೇಟೆಗೆ ಹೋಗಿ ಬರುವುದು ಬಂಗಲೆಯ ದಿನಚರಿಯ ಭಾಗವಾಗಿತ್ತು. 1880ರಲ್ಲಿ ಅಂಚೆ ಇಲಾಖೆ ಮನಿಯಾರ್ಡರ್ ಶುರುಮಾಡಿದ ಮೇಲೆ ಕೂಲಿಯ ದುಡ್ಡು ಊರಿಗೆ ಮುಟ್ಟಿಸಲು ಸರ್ಕಾರಿ ದಾರಿಯೊಂದು ತೆರೆಯಿತು. ನನ್ನ ಲೆಕ್ಕದಲ್ಲಿ ಈ ಘಟ್ಟದ ಸುದ್ದಿಯ ಇತಿಹಾಸದಲ್ಲಿ ತಂತಿಗಿಂತ ದೊಡ್ಡ ಘಟನೆ ಮನಿಯಾರ್ಡರ್. ಆದರೆ ಇವರಲ್ಲಿ ಯಾರೂ ದಾರಿ ಎಲ್ಲಿ ಹೋಗಬೇಕೆಂದು ತೀರ್ಮಾನಿಸಿದವರಲ್ಲ, ಹಾಕಿದ ದಾರಿಯನ್ನು ಬಳಸಿಕೊಂಡವರು. ಸ್ವಾತಂತ್ರ್ಯದ ಆಚೀಚಿನ ದಶಕಗಳನ್ನೂ ನೋಡಿ. 1940ರ ದಶಕದಿಂದ ಕಾಫಿ ಬೋರ್ಡಿನ ಪೂಲ್ ಪದ್ಧತಿಯಲ್ಲಿ ಬೆಳೆಗಾರ ಬೀಜವನ್ನು ಪೂಲಿಗೆ ಒಪ್ಪಿಸಿ ಕಂತುಗಳಿಗೆ ಕಾಯಬೇಕಿತ್ತು. ಇವತ್ತಿನ ದರ ಎಷ್ಟು ಎಂದು ಕೇಳುವ ಅಗತ್ಯವೇ ಅವನಿಗಿರಲಿಲ್ಲ. ಪೂಲ್ ಮುಗಿದದ್ದು 1996ರಲ್ಲಿ. ದಿನದಿನದ ಸುದ್ದಿ ಬೆಳೆಗಾರನ ಸ್ವಂತ ಅಗತ್ಯವಾದಾಗ ತಂತಿಯ ಕಾಲ ಮುಗಿಯುತ್ತ ಬಂದಿತ್ತು. 2013ರ ಜುಲೈನಲ್ಲಿ ದೇಶದ ಟೆಲಿಗ್ರಾಂ ಸೇವೆ ನಿಂತಾಗ ಅವನ ದರ ಮೊಬೈಲಿನಲ್ಲಿ ಬರುತ್ತಿತ್ತು.

ಯೂಕ್ಲಾಕ್ಕೆ ನಿಜವಾಗಿ ಹತ್ತಿರವಾಗುವುದು ರೈಲು ನಿಲ್ದಾಣಗಳು. ಮೈಸೂರು–ಅರಸೀಕೆರೆ ಮಾರ್ಗದಿಂದಾಗಿ ಹಾಸನ 1918ರಲ್ಲೇ ರೈಲು ಕಂಡಿತ್ತು. ಘಟ್ಟ ದಾಟಿ ಮಂಗಳೂರಿಗೆ ಇಳಿಯುವ ಮೀಟರ್ ಗೇಜ್ ಮಾರ್ಗ ಪೂರ್ಣವಾದದ್ದು 1979ರಲ್ಲಿ. ಹಾಸನದಿಂದ ಆಲೂರು, ಬಾಳುಪೇಟೆ, ಸಕಲೇಶಪುರ ಎಂದು ಬರುವವರೆಗೆ ನಿಲ್ದಾಣದ ಹೊರಗೊಂದು ಊರಿದೆ, ಸಂತೆಯಿದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು ಎಂಬ ಹೆಸರುಗಳಿವೆ, ಜೊತೆಗೆ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ, 50 ಅಡಿಗೆ 1 ಅಡಿಯ ಇಳಿಜಾರು. ಎಡಕುಮೇರಿಗೆ ಸರಿಯಾದ ರಸ್ತೆಯಿಲ್ಲ, ಹತ್ತಿ ಇಳಿಯುವವರೂ ಇಲ್ಲವೆನ್ನುವಷ್ಟು ಕಡಿಮೆ. ಪ್ರಯಾಣಿಕರಿಲ್ಲದ ಕಾಡಿನಲ್ಲಿ ಸ್ಟೇಷನ್ ಯಾಕೆ? ಒಂಟಿ ಹಳಿಯಲ್ಲಿ ಎದುರುಬದುರು ಬರುವ ಗಾಡಿಗಳು ಎಲ್ಲಾದರೂ ಒಂದಕ್ಕೊಂದು ದಾರಿ ಬಿಡಬೇಕು, ಅದಕ್ಕೆ. ಮುಂದಿನ ಸ್ಟೇಷನ್ನಿನವರು ಲೈನ್ ಕ್ಲಿಯರ್ ಕೊಡದೆ ಇಲ್ಲಿಂದ ಗಾಡಿ ಬಿಡುವಂತಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಅನುಮತಿಯನ್ನು ತಂತಿಯಲ್ಲೇ ಕೇಳುತ್ತಿದ್ದರು. ಆಮೇಲೆ ಗಂಟೆಯ ಸಂಕೇತದ ಬ್ಲಾಕ್ ಯಂತ್ರ ಬಂತು, ಟೋಕನ್ ಬಂತು, ಕಂಟ್ರೋಲ್ ಫೋನ್ ಬಂತು. ಉಪಕರಣ ಯಾವುದಿದ್ದರೂ ಒಬ್ಬ ಕೇಳುತ್ತಾನೆ, ಇನ್ನೊಬ್ಬ ಒಪ್ಪುತ್ತಾನೆ, ಮೂರನೆಯವನು ಸಾಗುತ್ತಾನೆ. ಅಂಚೆಯ ಹರಿಕಾರ ಕಾದಿದ್ದು, ಯೂಕ್ಲಾದ ನೌಕರ ಕಾದಿದ್ದು, ಎಡಕುಮೇರಿಯ ಸ್ಟೇಷನ್ ಮಾಸ್ಟರ್ ಕಾಯುವುದು ಒಂದೇ ಬಗೆಯ ಕೆಲಸ.

ಈ ಮಾರ್ಗವನ್ನು ಯಾರಿಗಾಗಿ ಹಾಕಿದರು ಎಂಬುದಕ್ಕೂ ಅದರ ತಾರೀಖುಗಳೇ ಸಾಕ್ಷಿ. ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿತು, ಒಳನಾಡಿನ ಅದಿರು ಅಲ್ಲಿಗೆ ತಲುಪಬೇಕಿತ್ತು. 1996ರಲ್ಲಿ ಬ್ರಾಡ್ ಗೇಜ್ ಪರಿವರ್ತನೆಗೆಂದು ಘಟ್ಟದ ಸಂಚಾರ ನಿಲ್ಲಿಸಿದರು, ನಿಲ್ದಾಣಗಳು ಹತ್ತು ವರ್ಷ ಪಾಳುಬಿದ್ದವು. ಹಳಿಯ ಮೇಲೆ ಚಾರಣಿಗರು ನಡೆದಾಡಿದ್ದು, ಹಸಿರು ಮಾರ್ಗ ಎಂಬ ಹೆಸರು ಮನೆಮಾತಾದದ್ದು ಆಗಲೇ. 2006ರಲ್ಲಿ ಮತ್ತೆ ತೆರೆದಾಗ ಮೊದಲು ಇಳಿದದ್ದು ಗೂಡ್ಸ್ ಗಾಡಿ. ಜನರ ಗಾಡಿಗೆ 2007ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಇದೇ ಮಂಗಳೂರು–ಹಾಸನ–ಬೆಂಗಳೂರು ದಿಕ್ಕಿನಲ್ಲಿ 2003ರಿಂದ ಪೆಟ್ರೋಲಿಯಂ ಕೊಳವೆಯೂ ನೆಲದಡಿ ಸಾಗಿದೆ. ಅದಕ್ಕೆ ಸ್ಟೇಷನ್ ಮಾಸ್ಟರೂ ಬೇಡ, ಹರಿಕಾರನೂ ಬೇಡ. ನಲವತ್ತು ಚಿಲ್ಲರೆ ವರ್ಷದ ರೈಲುಮನೆಗಳನ್ನು ಟಿಪ್ಪುವಿನ ಕೋಟೆಯ ಸಾಲಿನಲ್ಲಿ ಕೂರಿಸುವುದು ಅತಿಯಾಯಿತು ಎನ್ನುವವರಿದ್ದಾರೆ. ವಯಸ್ಸನ್ನೇ ಅಳತೆಗೋಲು ಮಾಡಿಕೊಂಡರೆ ಅವರ ಮಾತು ಸರಿ. ಆದರೆ ಯೂಕ್ಲಾದ ಕಚೇರಿ ದುಡಿದದ್ದೂ ಐವತ್ತೇ ವರ್ಷ. ಮಂಜರಾಬಾದ್ ಕೋಟೆ ಕಟ್ಟಿಸಿದವನ ಕೈಯಲ್ಲಿದ್ದದ್ದು ಏಳು ವರ್ಷ. ದಾರಿಯ ನೆಲೆಗಳಿಗೆ ದೇವಸ್ಥಾನದ ದೀರ್ಘಾಯುಸ್ಸು ಇರುವುದಿಲ್ಲ, ತಂತ್ರ ಬದಲಾದಂತೆ ಅವು ಬೇಗ ಮುಗಿಯುತ್ತವೆ. ನೂರು ವರ್ಷ ತುಂಬಲಿ, ಆಮೇಲೆ ನೋಡೋಣ ಎಂದು ಕಾದರೆ ನೋಡಲು ಏನೂ ಉಳಿದಿರುವುದಿಲ್ಲ. ಮೀಟರ್ ಗೇಜ್ ಕಾಲದ್ದರಲ್ಲಿ ಬಹುಪಾಲು ಈಗಾಗಲೇ ಹೋಗಿದೆ.

ಎಡಕುಮೇರಿಯನ್ನು ಪ್ರವಾಸಿ ತಾಣ ಮಾಡಿ ಎಂದು ಇದರ ಅರ್ಥವಲ್ಲ. ಹಳಿಯ ಮೇಲಿನ ಚಾರಣವನ್ನು ರೈಲ್ವೆ ನಿಷೇಧಿಸಿರುವುದು ಸರಿಯಾಗಿಯೇ ಇದೆ. ಗಾಡಿ ಓಡುವ ಸುರಂಗ ಸೆಲ್ಫಿಯ ಜಾಗವಲ್ಲ. 2018ರ ಆಗಸ್ಟಿನ ಮಳೆಗೆ ಗುಡ್ಡ ಜರಿದು ವಾರಗಟ್ಟಲೆ ಸಂಚಾರ ನಿಂತಿತ್ತು. 2024ರ ಜುಲೈನಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಮತ್ತೆ ಕುಸಿಯಿತು, ಸಾಮಗ್ರಿಯನ್ನು ಹಳಿಯ ಮೇಲೆಯೇ ತರಬೇಕಾಯಿತು. ಉಳಿಸಬೇಕಾದದ್ದನ್ನು ಕಾಡಿಗೆ ಹೋಗದೆಯೇ ಉಳಿಸಬಹುದು. ಕಳಚಿದ ಬ್ಲಾಕ್ ಯಂತ್ರ, ಸ್ಟೇಷನ್ ಡೈರಿ, ಮೀಟರ್ ಗೇಜ್ ಕಾಲದ ನಕ್ಷೆಗಳು, ಗ್ಯಾಂಗ್‌ಮನ್‌ಗಳ ಹಾಜರಿ ಪುಸ್ತಕ ಇವು ಗುಜರಿಗೂ ಗೆದ್ದಲಿಗೂ ಹೋಗದೆ ಸಕಲೇಶಪುರದ ನಿಲ್ದಾಣದಲ್ಲೇ ಒಂದು ಕೋಣೆಯಲ್ಲಿ ಕೂಡಿದರೆ ಸಾಕು. ಇದಕ್ಕಿಂತ ತುರ್ತಾದದ್ದು ರಸ್ತೆಯ ಕಡೆಗಿದೆ. ರಾಷ್ಟ್ರೀಯ ಹೆದ್ದಾರಿ 75ರ ಅಗಲೀಕರಣ ಕೋಟೆಯ ಬುಡದ ದೋಣಿಗಲ್ಲನ್ನು ಸೀಳಿಕೊಂಡು ಹೋಗಿದೆ. ಕತ್ತರಿಸಿದ ಗುಡ್ಡ ಮಳೆಗಾಲಗಳಲ್ಲಿ ಕುಸಿದದ್ದನ್ನು ಪತ್ರಿಕೆ ಓದುವವರೆಲ್ಲ ಬಲ್ಲರು. ಕೋಟೆಗೆ ಪುರಾತತ್ವದ ರಕ್ಷಣೆಯಿದೆ, ಅದು ಕಾಯುತ್ತಿದ್ದ ದಾರಿಗೆ ಯಾವ ರಕ್ಷಣೆಯೂ ಇಲ್ಲ. ಮುಂದಿನ ಕಿಲೋಮೀಟರ್ ಅಗೆಯುವ ಮುನ್ನ ಹಳೆಯ ಘಟ್ಟದ ರಸ್ತೆಯ ಜಾಡು, ಕಲ್ಲಿನ ಮೋರಿ, ಸೇತುವೆಗಳನ್ನು ಅಳೆದು ನಕ್ಷೆಗೆ ಏರಿಸಲು ಒಬ್ಬ ಸರ್ವೆಯರ್, ಒಂದು ಬೇಸಿಗೆ ಸಾಕು. ಹೆದ್ದಾರಿಯ ಅಂದಾಜುಪಟ್ಟಿಯಲ್ಲಿ ಆ ಖರ್ಚು ಕಣ್ಣಿಗೂ ಬೀಳದು.